ನೀರೊಳ್ಳೆಗೆ ಮಂತ್ರ ಹಾಕುತ್ತಿದ್ದ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಎಡಗೈಯಲ್ಲಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮ ತೆಳ್ಳಗಿರುತ್ತದಲ್ಲ, ಅಲ್ಲಿ ಸಣ್ಣ ಬಿಳಿ ಚುಕ್ಕಿಗಳ ಸಾಲುಗಳಿದ್ದವು. ಬಾಚಣಿಗೆಯ ಹಲ್ಲು ಒತ್ತಿ ತೆಗೆದಂತೆ, ಒಂದರ ಪಕ್ಕ ಒಂದು, ಸ್ವಲ್ಪ ಬಾಗಿದ ಸಾಲು. ಒಂದು ಸಾಲಿನ ಮೇಲೆ ಇನ್ನೊಂದು ಹಾದುಹೋಗಿ ಅಲ್ಲಿನ ಚರ್ಮವೇ ಬೇರೆ ಬಣ್ಣಕ್ಕೆ ತಿರುಗಿತ್ತು. ಎಲ್ಲವೂ ನೀರೊಳ್ಳೆ ಹಾವು ಕಚ್ಚಿದ ಗುರುತು. ಚಿಕ್ಕಂದಿನಲ್ಲಿ ಕೆರೆಯ ತೂಬಿನ ಕೆಳಗೆ ಏಡಿ ಹಿಡಿಯಲು ಕೈ ಹಾಕಿ ಕಚ್ಚಿಸಿಕೊಂಡದ್ದು ಕೆಲವು. ದೊಡ್ಡವರಾದ ಮೇಲೆ ಬೇಕೆಂದೇ ಕಚ್ಚಿಸಿಕೊಂಡದ್ದು ಉಳಿದವು. ಬೇಕೆಂದೇ ಎಂದೆನಲ್ಲ, ನನ್ನ ಸಿಟ್ಟು ಅಲ್ಲಿಂದಲೇ ಶುರು.

ಊರು ತಿಪ್ಪಸಂದ್ರದ ಹತ್ತಿರ. ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಒಂದೇ ಗೋಡೆ, ಹಿಂದೆ ಒಂದೇ ಕುರಿ ಹಟ್ಟಿ. ಬೆಳಿಗ್ಗೆ ರೇಷ್ಮೆಗೆ ಸೊಪ್ಪು ಕೊಯ್ದು, ಕುರಿ ಹೊರಡಿಸಿ, ಮಧ್ಯಾಹ್ನಕ್ಕೆ ಜಗಲಿಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತರೆಂದರೆ ಅವರು ಬೇರೆಯೇ ಮನುಷ್ಯ. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಹಾವು ಕಚ್ಚಿದರೂ ಮೊದಲು ಆ ಜಗಲಿಗೆ ಬರಬೇಕು. ನಮ್ಮ ಕಡೆ ಹಾವು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹುಳ ಎನ್ನುತ್ತೇವೆ. ಕಚ್ಚಿತು ಎನ್ನುವುದಿಲ್ಲ, ಮುಟ್ಟಿತು ಎನ್ನುತ್ತೇವೆ. "ದೊಡ್ಡಯ್ಯಾ, ಹುಳ ಮುಟ್ಬುಡ್ತು" ಎಂದು ಯಾರಾದರೂ ಬೀದಿಯ ತುದಿಯಿಂದ ಕೂಗಿದರೆ ದೊಡ್ಡಪ್ಪ ಮೊದಲು ಮೀಸೆ ಸರಿಮಾಡಿಕೊಳ್ಳುತ್ತಿದ್ದರು. ನಾನು ಕಣ್ಣಾರೆ ನೋಡಿದ್ದೇನೆ. ಮನುಷ್ಯ ಸಾಯುವ ಭಯದಲ್ಲಿ ಓಡಿ ಬರುತ್ತಿದ್ದಾನೆ, ಇವರಿಗೆ ಮೀಸೆಯ ಚಿಂತೆ.

ನಾನು ನರ್ಸು. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ. ಒಂದೇ ಗೋಡೆಯ ಆಚೆ ಮಂತ್ರ, ಈಚೆ ಇಂಜೆಕ್ಷನ್ನು. ನಮ್ಮಿಬ್ಬರ ನಡುವೆ ಏನು ನಡೆದಿರಬಹುದು ಎಂದು ನೀವೇ ಊಹಿಸಿಕೊಳ್ಳಿ.

ನೀರೊಳ್ಳೆಯನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಕೆರೆ, ಗದ್ದೆ, ಕಾಲುವೆ, ಈಗ ಹೊಲಹೊಲಕ್ಕೂ ತೋಡಿರುವ ಕೃಷಿ ಹೊಂಡ, ಎಲ್ಲಿ ಕಪ್ಪೆಯೂ ಮೀನೂ ಇದೆಯೋ ಅಲ್ಲೆಲ್ಲ ಇರುವ ಹಾವು ಅದು. ಹಳದಿ ಕಲಸಿದ ಮೈ, ಅದರ ಮೇಲೆ ಪಗಡೆ ಹಾಸಿನಂತೆ ಕಪ್ಪು ಚೌಕ ಚೌಕ, ಕಣ್ಣಿನ ಕೆಳಗೆ ಕಾಡಿಗೆ ಇಳಿದಂತೆ ಗೆರೆ. ವಿಷ ಇಲ್ಲ. ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹತ್ತಿರ ಹೋದರೆ ಕತ್ತು ಚಪ್ಪಟೆ ಮಾಡಿ ತಾನೇ ನಾಗರ ಎನ್ನುವಂತೆ ನಿಲ್ಲುತ್ತದೆ. ಹಿಡಿದರೆ ಗಬ್ಬು ವಾಸನೆ ಬಿಡುತ್ತದೆ, ಕಚ್ಚುತ್ತದೆ, ಮತ್ತೆ ಕಚ್ಚುತ್ತದೆ, ರಕ್ತ ಧಾರಾಳವಾಗಿ ಸುರಿಯುತ್ತದೆ. ವಿಷ ಒಂದು ಬಿಟ್ಟು ವಿಷದ ಹಾವಿನ ಎಲ್ಲ ಆಡಂಬರವೂ ಅದಕ್ಕಿದೆ. ದೊಡ್ಡಪ್ಪನೂ ಹೆಚ್ಚುಕಡಿಮೆ ಹಾಗೇ ಇದ್ದರು.

ಅವರ ಕೀರ್ತಿಯ ಗುಟ್ಟೇ ಈ ಹಾವು. ನೀರಿನಲ್ಲಿ, ಕೆಸರಿನಲ್ಲಿ ಕೈಕಾಲು ಹಾಕಿ ದುಡಿಯುವ ಜನಕ್ಕೆ ಮುಟ್ಟುವ ಹುಳ ಹೆಚ್ಚಾಗಿ ನೀರೊಳ್ಳೆಯೇ. ದೊಡ್ಡಪ್ಪನ ಜಗಲಿಗೆ ಬಂದವರು ಬಹುಪಾಲು ಅದೇ ಕಚ್ಚಿದವರು. ಮಂತ್ರ ಹಾಕಿದರೂ ಬದುಕುತ್ತಿದ್ದರು, ಹಾಕದಿದ್ದರೂ ಬದುಕುತ್ತಿದ್ದರು, ದಾರಿಯಲ್ಲಿ ಟೀ ಕುಡಿದು ವಾಪಸ್ ಹೋಗಿದ್ದರೂ ಬದುಕುತ್ತಿದ್ದರು. ಆದರೆ ಬದುಕಿದವರೆಲ್ಲ ಊರೂರಿಗೆ ಹೋಗಿ "ದೊಡ್ಡಯ್ಯ ಮುಟ್ಟಿದ್ರೆ ಸಾಕು" ಎಂದು ಹೇಳುತ್ತಿದ್ದರು.

ಅವರ ಮದ್ದು ಹೀಗೆ. ಹಿತ್ತಾಳೆ ಚೊಂಬಿನಲ್ಲಿ ನೀರು. ಕಚ್ಚಿಸಿಕೊಂಡವರ ಬಾಯಿಗೆ ಎರಡು ಮೆಣಸು ಕಾಳು. "ಖಾರ ಐತಾ?" ಎಂದು ಕೇಳುವುದು; ವಿಷ ಏರಿದ್ದರೆ ಖಾರ ತಿಳಿಯುವುದಿಲ್ಲವಂತೆ. ಅವರು ಅಗಿದು ಮುಖ ಕಿವುಚುತ್ತಿರುವಾಗ ಇವರು ತಮ್ಮ ಎಡಗೈಯನ್ನು ಆ ಗಾಯದ ಪಕ್ಕಕ್ಕೆ ತಂದು ಹಿಡಿಯುತ್ತಿದ್ದರು. ಜನ ಅದನ್ನು ಆಶೀರ್ವಾದ ಎಂದುಕೊಂಡಿದ್ದರು. ನಾನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ. ಅವರು ಮಾಡುತ್ತಿದ್ದದ್ದು ಬೇರೆ. ಆ ಗಾಯದ ಹಲ್ಲಿನ ಸಾಲನ್ನು ತಮ್ಮ ಕೈಯಲ್ಲಿದ್ದ ಸಾಲಿನ ಜೊತೆ ಹೋಲಿಸಿ ನೋಡುತ್ತಿದ್ದರು. ಸಾಲು ಹೊಂದಿದರೆ ನೀರೊಳ್ಳೆ. ನೀರು ಚಿಮುಕಿಸಿ, ತುಟಿ ಅಲ್ಲಾಡಿಸಿ, ಅರಿಶಿನದ ದಾರ ಕಟ್ಟಿ, "ಓಗು, ಒಸಿ ಮಜ್ಜಿಗೆ ಕುಡ್ದು ಮಲಿಕ್ಕೊ" ಎಂದು ಕಳಿಸುತ್ತಿದ್ದರು. ಸಾಲಿಲ್ಲದೆ ಎರಡೇ ತೂತು ಕಂಡರೆ ದಾರವನ್ನೂ ಕಟ್ಟದೆ ಆಸ್ಪತ್ರೆಗೆ ಅಟ್ಟುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಹೊಗಳಿಕೆಯನ್ನು ಮಾತ್ರ ಒಂದು ಚೂರೂ ಬಿಡುತ್ತಿರಲಿಲ್ಲ.

ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಭಾನುವಾರ ಅವರ ಪಕ್ಕ ಕೂತು ನೇರವಾಗಿ ಕೇಳಿದೆ.

"ದೊಡ್ಡಪ್ಪ, ನೀರೊಳ್ಳೆಗೆ ವಿಷಾನೇ ಇಲ್ಲ. ಮಂತ್ರ ಯಾತಕ್ಕೆ?"

"ಇಲ್ಲ ಅಂತ ಗೊತ್ತು ಕಣವ್ವ."

"ಗೊತ್ತಾ!"

"ಇಷ್ಟು ಸಲ ಕಚ್ಚುಸ್ಕಂಡೋನು ನಾನು. ನಂಗೆ ಗೊತ್ತಿಲ್ದೆ ನಿಂಗೆ ಗೊತ್ತಿರ್ತದಾ?"

"ಮತ್ತೆ ಜನಕ್ಕೆ ಯಾಕೆ ಯೋಳಲ್ಲ ನೀನು?"

"ಯೋಳಿದ್ರೆ ಏನಾಯ್ತದೆ, ಅದ್ನೂ ಕೇಳು. ಹುಳ ಮುಟ್ಟಿದೋನಿಗೆ ಏನೂ ಆಗಿಲ್ಲ ಓಗಪ್ಪ ಅಂದ್ರೆ ಸುಮ್ಕೆ ಓಗ್ತಾನಾ? ಇನ್ನೊಬ್ಬನ್ತಾವ ಓಯ್ತಾನೆ. ಅವ್ನು ಬ್ಲೇಡ್ ತಕ್ಕಂಡು ಕುಯ್ತಾನೆ. ನಾನಾದ್ರೆ ನೀರು ಚಿಮುಕ್ಸಿ ಕಳುಸ್ತೀನಿ. ಅಲ್ದೆ ಅವ್ರು ಮೊದ್ಲು ನನ್ತಾವ ಬಂದ್ರೆ ತಾನೇ ಮಂಡಲ ಮುಟ್ಟಿರೋನ್ನ ನಿನ್ನ ಆಸ್ಪತ್ರೆಗೆ ಅಟ್ಟಾದು?"

ಕೇಳಿದವರಿಗೆ ಎಷ್ಟು ಚೆಂದ ಅನಿಸುತ್ತದೆ! ನನಗೆ ಮೈ ಉರಿದುಹೋಯಿತು. ಕೊಳಕುಮಂಡಲ ಕಚ್ಚಿದವನು ಇವರ ಜಗಲಿಗೆ ಬಂದು, ಮೆಣಸು ಅಗಿದು, ಇವರ ಮೀಸೆ ದರ್ಶನ ಮಾಡಿ, ಆಮೇಲೆ ಆಸ್ಪತ್ರೆಗೆ ಬರುವವರೆಗೆ ವಿಷ ಕೈಕಟ್ಟಿ ಕೂತಿರುತ್ತದೆಯೇ? ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ಗುರುತೇ ಕಾಣುವುದಿಲ್ಲ, ಆಗ ಈ ಕೈಯ ಸಾಲನ್ನು ಯಾವುದಕ್ಕೆ ಹೋಲಿಸುತ್ತೀಯ ಎಂದು ಕೇಳಿದೆ. "ಅದೇನೋ ನಿಜ ಕಣವ್ವ" ಎಂದರು. ನಿಜ ಎಂದು ಒಪ್ಪಿಕೊಂಡ ಮೇಲೆ ಮನುಷ್ಯ ಬದಲಾಗಬೇಕಲ್ಲ! ಮಾರನೆಯ ದಿನ ಅದೇ ಚೊಂಬು, ಅದೇ ಮೆಣಸು. ಅವರೊಡನೆ ವಾದ ಮಾಡುವುದು ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ.

ಆ ಮಂತ್ರವಾದರೂ ಏನು ಎಂದು ಪೀಡಿಸಿದ್ದಕ್ಕೆ ಒಂದು ದಿನ ನಗುತ್ತಾ ಹೇಳಿಬಿಟ್ಟರು. ಅವರ ತಂದೆಗೆ ನಿಜವಾಗಿ ಏನೋ ಮಂತ್ರ ಬರುತ್ತಿತ್ತಂತೆ, ಕಲಿಸುವ ಮೊದಲೇ ತೀರಿಕೊಂಡರಂತೆ. ಇವರು ತುಟಿ ಅಲ್ಲಾಡಿಸುತ್ತಾ ಹೇಳಿಕೊಳ್ಳುತ್ತಿದ್ದದ್ದು ನಮ್ಮ ಮನೆಯಲ್ಲಿ ಆಗಿಹೋದ ದನಗಳ ಹೆಸರು. ಕೆಂಚ, ಕರಿಯ, ಗೌರಿ, ಬಿಳಿಯ, ಆಮೇಲೆ ಇನ್ನೊಂದು ಗೌರಿ. "ದನ ಏನು ಕಮ್ಮಿಯಾ? ದುಡಿದ ಪ್ರಾಣಿಗಳು" ಎಂದು ಮೇಲೆ ಸಮರ್ಥನೆ ಬೇರೆ.

ಅವರಿಂದ ನಾನು ಗೆದ್ದುಕೊಂಡದ್ದು ಸ್ವಲ್ಪವೇ. ಗಾಯಕ್ಕೆ ವಿಭೂತಿ ಮೆತ್ತುವುದನ್ನು ನಿಲ್ಲಿಸಿ ಸೋಪು ಹಾಕಿ ತೊಳೆಸುವಂತೆ ಮಾಡಿದೆ. ದಾರವನ್ನು ಬಿಗಿಯಾಗಿ ಕಟ್ಟಬಾರದು, ಬಳೆಯಂತೆ ಆಡುತ್ತಿರಬೇಕು ಎಂದು ಜಗಳವಾಡಿ ಒಪ್ಪಿಸಿದೆ. ಇನ್ನು ಅವರೇ ಕಚ್ಚಿಸಿಕೊಳ್ಳುವ ಚಾಳಿ. ಯಾರಾದರೂ ದೂರದ ಊರಿನವರು ಸಂಶಯದಿಂದ ನೋಡಿದರೆ ಸಾಕು, ತೂಬಿಗೆ ಇಳಿದು ಒಂದು ನೀರೊಳ್ಳೆ ಹಿಡಿದು ತಂದು, ಎಲ್ಲರೆದುರು ಕಚ್ಚಿಸಿಕೊಂಡು, ರಕ್ತ ಸುರಿಯುವ ಕೈಯನ್ನು ಎತ್ತಿ ತೋರಿಸಿ, ಹಾವನ್ನು ಮತ್ತೆ ನೀರಿಗೆ ಬಿಟ್ಟು ಬರುತ್ತಿದ್ದರು. ಅದಕ್ಕೆ ನಾನು ಪ್ರತಿ ಸಲವೂ ಬ್ಯಾಗಿನಿಂದ ಡೆಟಾಲು ತೆಗೆದು ತೊಳೆಯಬೇಕು, ಟಿ.ಟಿ. ಚುಚ್ಚಿಸಲು ಕರೆದುಕೊಂಡು ಹೋಗಬೇಕು. ಹಾವಿಗೆ ಹೆದರದ ಮನುಷ್ಯ ಸೂಜಿ ಕಂಡರೆ ಕಣ್ಣು ಮುಚ್ಚಿಕೊಂಡು ದೊಡ್ಡಮ್ಮನ ಸೆರಗು ಹುಡುಕುತ್ತಿದ್ದರು.

ಒಂದು ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದಾಗ ಕೆಲವರು ತೂಬಿನ ಹತ್ತಿರ ಒಂದು ಹಾವನ್ನು ಹೊಡೆದರು. ಕತ್ತು ಅಗಲ ಮಾಡಿ ನಿಂತದ್ದನ್ನು ನೋಡಿ ಹೆದರಿ ಹೊಡೆದದ್ದು. ಸತ್ತ ಮೇಲೆ ಯಾರೋ ನಾಗರ ಎಂದರು. ಅಷ್ಟೇ, ಹೊಡೆದವರ ಮುಖದಲ್ಲಿ ರಕ್ತವೇ ಇಲ್ಲ. ನಾಗದೋಷ, ಮನೆಮಠ, ಮಕ್ಕಳ ಮದುವೆ ಎಲ್ಲ ನೆನಪಾಯಿತು. ಸಂಸ್ಕಾರ ಮಾಡಬೇಕೆಂದು ಹಾಲು, ತುಪ್ಪ, ಸೌದೆ ಬಂತು. ನೋಡಿ ಹೇಳಲಿ ಎಂದು ದೊಡ್ಡಪ್ಪನನ್ನು ಕರೆದರು, ನಾನೂ ಹಿಂದೆಯೇ ಹೋದೆ. ಬಾಳೆಯೆಲೆಯ ಮೇಲೆ ಮಲಗಿಸಿದ್ದರು. ಮೈಮೇಲೆ ಕಪ್ಪು ಚೌಕ, ಕಣ್ಣಿನ ಕೆಳಗೆ ಗೆರೆ. ಅಪ್ಪಟ ನೀರೊಳ್ಳೆ. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ನನ್ನ ಕಾಲನ್ನು ತುಳಿದರು. ಆಮೇಲೆ ಗಂಭೀರವಾಗಿ ಕೈಮುಗಿದು, "ಮಾಡ್ಬಾರ್ದ ಕೆಲ್ಸ ಮಾಡ್ಬುಟ್ರಲ್ರಪ್ಪಾ" ಎಂದರು. ನೀರೊಳ್ಳೆಗೆ ತುಪ್ಪದ ಚಿತೆಯಾಯಿತು. ಹೊಡೆದವರು ತಲೆಗೆ ನೀರು ಹಾಕಿಕೊಂಡು ಹುತ್ತಕ್ಕೆ ತನಿ ಎರೆದು ಬಂದರು.

ದಾರಿಯುದ್ದಕ್ಕೂ ನಾನು ಬೈದೆ. ಅವರು ಕೇಳಿಸಿಕೊಂಡು, ಕೊನೆಗೆ, "ನೀರೊಳ್ಳೆ ಅಂದಿದ್ರೆ ನಾಳೆ ಇನ್ನೊಂದ ಹೊಡೀತಿದ್ರು. ಈಗ ತೂಬಿನ ಕಡೀಕೆ ದೊಣ್ಣೆ ತಕ್ಕಂಡು ಓಗು ನೋಡಾನ ಯಾವನಾದ್ರೂ" ಎಂದರು. ಆಮೇಲೆ ಯಾರೂ ಹೋಗಲಿಲ್ಲ, ನಿಜ. ಆದರೆ ಒಂದು ಊರಿಗೆ ಊರೇ ನೀರೊಳ್ಳೆ ಯಾವುದು, ನಾಗರ ಯಾವುದು ಎಂದು ಕಲಿಯುವ ಅವಕಾಶವನ್ನು ಸುಟ್ಟು ಬೂದಿ ಮಾಡಿ ಬಂದರಲ್ಲ! ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುತ್ತಾರೆ. ಇವರ ಲೆಕ್ಕದಲ್ಲಿ ಹಾವೂ ಸತ್ತಿತ್ತು, ಕೋಲೂ ಮುರಿದಿತ್ತು, ಆದರೂ ಇವರೇ ಗೆದ್ದಿದ್ದರು.

ಅವರ ಈ ಜಾಣತನ ಅವರಿಗೇ ತಿರುಗಿಬಿದ್ದದ್ದು ಗುಡೇಮಾರನಹಳ್ಳಿ ಕಡೆಯ ಒಬ್ಬ ಹೆಂಗಸಿನ ವಿಷಯದಲ್ಲಿ.

ಭಾನುವಾರ ಮಧ್ಯಾಹ್ನ. ನಾನು ಊರಲ್ಲೇ ಇದ್ದೆ. ಗೂಡ್ಸ್ ಆಟೋದ ಹಿಂದೆ ಚಾಪೆ ಹಾಸಿ ಆಕೆಯನ್ನು ಮಲಗಿಸಿಕೊಂಡು ಗಂಡನೂ ಅತ್ತೆಯೂ ಬಂದರು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವಾಗ ಹುಳ ಮುಟ್ಟಿದೆ. ಗಂಡ ಇಳಿಯುವ ಮೊದಲೇ, "ನೀರೊಳ್ಳೆ ದೊಡ್ಡಯ್ಯಾ, ನಾನೇ ಕಂಡೆ, ಕಾಲುವೆಯಿಂದ ಬಂದಿತ್ತು" ಎಂದ. ದೊಡ್ಡಪ್ಪ ಎಂದಿನಂತೆ ಮೆಣಸು ಕೊಟ್ಟು, ಎಡಗೈಯನ್ನು ಆಕೆಯ ಹಿಮ್ಮಡಿಯ ಪಕ್ಕ ತಂದು ಹಿಡಿದರು. ಹಿಡಿದ ಕೈ ಅಲ್ಲೇ ನಿಂತಿತು. ಸಾಲು ಇರಲಿಲ್ಲ. ಎರಡು ತೂತು, ಅದರ ಸುತ್ತ ಕಾಲು ಮೀನಖಂಡದವರೆಗೆ ಊದಿಕೊಂಡಿತ್ತು. ಆಕೆ ಉಗಿದ ಮೆಣಸಿನ ಜೊತೆ ವಸಡಿನ ರಕ್ತ ಬಂತು.

"ಇದು ಮಂಡಲ ಕಣ್ಲಾ! ನೀರೊಳ್ಳೆ ಅಂತ ಯಾಕ್ಲಾ ಅಂದೆ?"

ಆ ಗಂಡ ಅಳುತ್ತಾ ಹೇಳಿದ ಮಾತು ಕೇಳಿ. "ಮಂಡಲ ಅಂದ್ರೆ ನೀವು ದಾರ ಕಟ್ಟಲ್ವಂತೆ, ಆಸ್ಪತ್ರೆಗೆ ಕಳುಸ್ಬುಡ್ತೀರಂತೆ. ನೀರೊಳ್ಳೆ ಅಂತ ಯೋಳು, ಆಗ ಮಂತ್ರ ಆಕ್ತಾರೆ ಅಂತ ಎಲ್ರೂ ಯೋಳ್ಕೊಟ್ರು."

ದೊಡ್ಡಪ್ಪ ಆಸ್ಪತ್ರೆಗೆ ಕಳಿಸಿದ್ದು ಪ್ರಾಣ ಉಳಿಸಲೆಂದು. ಜನ ಅದನ್ನು ಅರ್ಥಮಾಡಿಕೊಂಡದ್ದು, ಇವರಿಗೆ ಇಷ್ಟವಾದವರಿಗೆ ಮಾತ್ರ ಮಂತ್ರ, ಉಳಿದವರಿಗೆ ಆಸ್ಪತ್ರೆ ಎಂದು! ಅದಕ್ಕೇ ಸುಳ್ಳು ಹೇಳುವುದನ್ನು ಊರೂರೇ ಕಲಿತಿತ್ತು. ನಾನು ಆಂಬುಲೆನ್ಸಿಗೆ ಫೋನ್ ಹಚ್ಚಿದೆ, ಅದು ಇನ್ನೊಂದು ಕಡೆ ಹೋಗಿತ್ತು. ನೀವು ತಂದ ಆಟೋದಲ್ಲೇ ನಡೆಯಿರಿ ಎಂದೆ. ಅತ್ತೆ ಕದಲಲಿಲ್ಲ. ಮೊದಲು ದಾರ ಕಟ್ಟಿಸಿ ಎಂದು ಜಗಲಿಯ ಕಂಬ ತಬ್ಬಿಕೊಂಡು ಕೂತಳು.

ಆಗ ದೊಡ್ಡಪ್ಪ ಕೂಗಿದರು. ಅವರ ದನಿ ಹಾಗೆ ಒಡೆದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ನನ್ತಾವ ಏನೂ ಇಲ್ಲ ಕಣಮ್ಮೀ! ಮಂತ್ರಾನೂ ಇಲ್ಲ, ಮಣ್ಣೂ ಇಲ್ಲ! ನಾನು ಬಾಯಲ್ಲಿ ಯೋಳ್ಕೊಳ್ಳಾದು ನಮ್ಮನೆ ದನದ ಹೆಸ್ರು! ನೀರೊಳ್ಳೆಗೆ ವಿಷಾನೇ ಇಲ್ಲ, ಅದುಕ್ಕೇ ಎಲ್ರೂ ಬದುಕ್ಕೊಂಡವ್ರೆ. ಕರ್ಕೊಂಡೋಗ್ರಿ ಆಸ್ಪತ್ರೆಗೆ!"

ಇಷ್ಟು ವರ್ಷ ನಾನು ಕಾದದ್ದು ಈ ಮಾತಿಗೆ. ಬೀದಿಯ ಜನವೆಲ್ಲ ಸೇರಿತ್ತು, ಎಲ್ಲರ ಕಿವಿಗೂ ಬಿತ್ತು. ಆ ಅತ್ತೆ ಏನು ಮಾಡಿದಳು ಗೊತ್ತೇ? ಮುಂದೆ ಬಂದು ಅವರ ಪಾದಕ್ಕೆ ಬಿದ್ದಳು. "ಸುಳ್ಳು ಯೋಳಿದ್ದು ತಪ್ಪಾಯ್ತು ಸ್ವಾಮೀ, ಅದುಕ್ಕೆ ಮುನುಸ್ಕೊಂಡು ಇಂಗೆಲ್ಲ ಅನ್ಬೇಡಿ. ಮಂತ್ರ ಇಲ್ಲ ಅಂತ ನಿಮ್ಮ ಬಾಯಲ್ಲಿ ಬರ್ಬಾರ್ದು" ಎಂದು ಹಣೆ ಚಚ್ಚಿಕೊಂಡಳು. ಸುತ್ತ ನಿಂತವರೂ, "ದೊಡ್ಡಯ್ಯಾ, ಓಗ್ಲಿ ಬುಡಿ, ಹೆಣ್ಣೆಂಗ್ಸು, ಕೋಪ ಮಾಡ್ಕೋಬೇಡಿ" ಎಂದು ಸಮಾಧಾನ ಹೇಳಿದರು. ಒಬ್ಬರೂ, ಒಬ್ಬರೇ ಒಬ್ಬರೂ ನಂಬಲಿಲ್ಲ. ನನಗೆ ಆ ಚೊಂಬನ್ನು ಎತ್ತಿ ಗೋಡೆಗೆ ಬಡಿಯಬೇಕು ಅನಿಸಿತು.

ದೊಡ್ಡಪ್ಪ ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಗೂಡಿನಿಂದ ಅರಿಶಿನದ ದಾರ ತೆಗೆದು, ಆಕೆಯ ಕೈಗೆ, ಬಳೆಯಂತೆ ಸಡಿಲವಾಗಿ ಕಟ್ಟಿದರು.

"ಕೇಳ್ರಿ ಇಲ್ಲಿ. ಮಂಡಲಕ್ಕೆ ಮಂತ್ರ ಅರ್ಧ ಇಲ್ಲೈತೆ, ಇನ್ನರ್ಧ ಆಸ್ಪತ್ರೆಲೈತೆ. ಅಲ್ಲಿ ಸೂಜಿ ಬಿದ್ರೇನೇ ಈ ದಾರಕ್ಕೆ ಜೀವ ಬರಾದು. ಡಾಕ್ಟ್ರು ಮನೆಗೋಗಿ ಅಂತ ಅನ್ನೋವರ್ಗೂ ಬಿಚ್ಬೇಡಿ. ಮುಂಚೆ ಬಿಚ್ಚಿದ್ರೆ ನಾನು ಜವಾಬ್ದಾರ ಅಲ್ಲ."

ಆಟೋ ಹೊರಟಿತು. ನಾನೂ ಹಿಂದೆ ಚಾಪೆಯ ಮೇಲೆ ಕೂತು, ಆಕೆಯ ಕಾಲು ಅಲ್ಲಾಡದಂತೆ ಹಿಡಿದುಕೊಂಡೆ. ಆಸ್ಪತ್ರೆಯಲ್ಲಿ ಗಾಜಿನ ನಳಿಗೆಯಲ್ಲಿ ಆಕೆಯ ರಕ್ತ ಇಟ್ಟು ನೋಡಿದರೆ ಹೆಪ್ಪುಗಟ್ಟಲೇ ಇಲ್ಲ, ನೀರಿನಂತೆ ಆ ಕಡೆ ಈ ಕಡೆ ಓಡಾಡುತ್ತಿತ್ತು. ವಿಷಕ್ಕೆ ಮದ್ದು ಏರಿಸಿದೆವು, ಮತ್ತೆ ಏರಿಸಿದೆವು. ಡಾಕ್ಟರು ಊಟಕ್ಕೂ ಏಳಲಿಲ್ಲ. ಎರಡು ದಿನ ಕಳೆಯುವ ಹೊತ್ತಿಗೆ ಆ ಅತ್ತೆ ಮನೆಗೆ ಹೊರಡೋಣ ಎಂದು ಶುರುಮಾಡಿದಳು. ಆದರೆ ಡಾಕ್ಟರು ಹೋಗಿ ಎನ್ನದೆ ದಾರ ಬಿಚ್ಚುವಂತಿರಲಿಲ್ಲವಲ್ಲ, ಗೊಣಗುತ್ತಾ ಉಳಿದಳು. ಸೊಸೆ ಬದುಕಿದಳು, ಕಾಲೂ ಉಳಿಯಿತು.

ಗುಣವಾಗಿ ಹೊರಡುವ ದಿನ ಗಂಡ ನನ್ನ ಹತ್ತಿರ ಬಂದು, "ಬಾಟ್ಲು ಚೆನ್ನಾಗಿ ಆಕಿದ್ರಿ ಸಿಸ್ಟರ್" ಎಂದ. ಅಷ್ಟೇ. ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ ಎಲ್ಲ ದೊಡ್ಡಪ್ಪನ ಜಗಲಿಗೆ ಹೋಯಿತು. ಔಷಧಿ ಸರ್ಕಾರದ್ದು, ನಿದ್ದೆಗೆಟ್ಟವರು ನಾವು, ಹೆಸರು ಅವರದು. ಮಂಡಲವನ್ನೂ ಗೆದ್ದ ದೊಡ್ಡಯ್ಯ ಎಂದು ಹಾರೋಹಳ್ಳಿ, ಮರಳವಾಡಿ ಕಡೆಯವರೆಗೂ ಸುದ್ದಿ ಹೋಯಿತಂತೆ.

ಆ ಬಾಳೆಹಣ್ಣನ್ನು ನನ್ನ ಕೈಗೆ ಕೊಡುತ್ತಾ ದೊಡ್ಡಪ್ಪ ಹೇಳಿದರು: "ನಿಜಾನೂ ಒಂದ್ಸಲ ಯೋಳಿ ನೋಡ್ದೆ ಕಣವ್ವ. ಓಡ್ಲಿಲ್ಲ." ನಗುತ್ತಾ ಹೇಳಿದರು, ಆದರೆ ಕಣ್ಣು ನಗುತ್ತಿರಲಿಲ್ಲ. ಅವತ್ತಿನಿಂದ ಅವರು ಸಾಲು ಹೊಂದಲಿ ಬಿಡಲಿ, ಬಂದವರಿಗೆಲ್ಲ ದಾರ ಕಟ್ಟಿ, ಬಂದವರನ್ನೆಲ್ಲ ಆಸ್ಪತ್ರೆಗೆ ಕಳಿಸತೊಡಗಿದರು. ನೀರೊಳ್ಳೆ ಕಚ್ಚಿದವರೂ ನಮ್ಮ ವಾರ್ಡಿನ ಮುಂದೆ ಸಾಲುಗಟ್ಟಿ, "ದಾರಕ್ಕೆ ಜೀವ ತುಂಬ್ಸಿ" ಎಂದು ಕೈಚಾಚುತ್ತಿದ್ದರು. ಡಾಕ್ಟರು ನನ್ನ ಕಡೆ ತಿರುಗಿ, "ಇದೂ ನಿಮ್ಮ ದೊಡ್ಡಪ್ಪನ ಕೇಸಾ?" ಎಂದು ಕೇಳುವುದು ಮಾಮೂಲಾಯಿತು. ಬಂದರಲ್ಲ, ಅದಕ್ಕೆ ಸಂತೋಷಪಡಬೇಕಿತ್ತು. ನನಗೆ ಅವಮಾನವೇ ಹೆಚ್ಚಾಗಿತ್ತು. ಓದಿದ್ದು ನಾನು, ದಾರಿ ತೋರಿಸುವುದು ದನದ ಹೆಸರು!

ಊರವರನ್ನೆಲ್ಲ ಆಸ್ಪತ್ರೆಗೆ ಅಟ್ಟಿದ ಮನುಷ್ಯ ತಮ್ಮ ಸರದಿ ಬಂದಾಗ ಏನು ಮಾಡಿದರು? ಕಳೆದ ವರ್ಷ ಸೊಪ್ಪಿನ ಹೊರೆ ಇಳಿಸಿ ಎದೆ ಹಿಡಿದುಕೊಂಡು ಕೂತರಂತೆ. ಬೆವರು ಸುರಿಯುತ್ತಿತ್ತಂತೆ, ಎಡಗೈ ಜೋಮು ಹಿಡಿದಿತ್ತಂತೆ. ದೊಡ್ಡಮ್ಮ ನನಗೆ ಫೋನ್ ಮಾಡುತ್ತೇನೆ ಎಂದರೆ, "ಗ್ಯಾಸು ಕಣೆ. ನರ್ಸಮ್ಮಂಗೆ ಯೋಳ್ಬೇಡ, ಸುಮ್ಕೆ ಬೈತಾಳೆ" ಎಂದು ಜೀರಿಗೆ ನೀರು ಕುಡಿದು ಜಗಲಿಯ ಮೇಲೆ ಮಲಗಿದರಂತೆ. ದೊಡ್ಡಮ್ಮ ಮನಸ್ಸು ತಡೆಯದೆ ಫೋನ್ ಮಾಡುವ ಹೊತ್ತಿಗೆ ಸಂಜೆಯಾಗಿತ್ತು. ಆಂಬುಲೆನ್ಸು ಆಸ್ಪತ್ರೆಯ ಗೇಟಿಗೆ ತಿರುಗುವ ಮೊದಲೇ ಎಲ್ಲ ಮುಗಿದಿತ್ತು.

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಹೌದು, ಬೈ‌ಯುತ್ತಿದ್ದೆ. ಬೈದು ಎತ್ತಿಕೊಂಡು ಹೋಗುತ್ತಿದ್ದೆ. ಯಾವ ಸುಳ್ಳು ಹೇಳಿದ್ದರೆ ನೀನು ಬರುತ್ತಿದ್ದೆ ದೊಡ್ಡಪ್ಪ, ನಿನಗೆ ಯಾವ ದಾರ ಕಟ್ಟಬೇಕಿತ್ತು ಎಂದು ಸ್ಟ್ರೆಚರಿನ ಪಕ್ಕ ನಿಂತು ಕೇಳಿದೆ. ಹೊದಿಕೆಯ ಹೊರಗೆ ಆ ಎಡಗೈ ಇತ್ತು. ಬಿಳಿ ಚುಕ್ಕಿಗಳು ಅಷ್ಟೂ ಇದ್ದವು.

ಹನ್ನೊಂದನೆಯ ದಿನದ ತಿಥಿ. ಮನೆ ಮುಂದೆ ಶಾಮಿಯಾನ ಹಾಕಿ, ಎಡೆ ಇಟ್ಟು, ಊಟಕ್ಕೆ ಎಲೆ ಹಾಕುತ್ತಿದ್ದರು. ಆಗ ಒಂದು ಬೈಕು ನುಗ್ಗಿ ಬಂತು. ಇಬ್ಬರ ನಡುವೆ ಒಬ್ಬ ಯುವಕ ತಲೆ ತೂಗುತ್ತಾ ಕೂತಿದ್ದ. ಹಿಂದೆ ಇನ್ನೊಂದು ಬೈಕಿನಲ್ಲಿ ಅವನ ತಾಯಿ. ಪಕ್ಕದ ಹಳ್ಳಿಯವರು, ದೊಡ್ಡಪ್ಪ ಹೋದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ.

"ನೀರೊಳ್ಳೆ ಮುಟ್ಬುಡ್ತು, ದೊಡ್ಡಯ್ಯ ಎಲ್ಲಿ?" ಎಂದ ಅವನ ಅಣ್ಣ.

ಯಾರೋ ಫೋಟೋ ತೋರಿಸಿದರು. ಹಾರ ಹಾಕಿದ ಫೋಟೋ ನೋಡಿ ತಾಯಿ ಬಾಯಿ ಬಡಿದುಕೊಂಡಳು. ನಾನು ಅಷ್ಟರಲ್ಲಿ ಆ ಹುಡುಗನ ಕೈ ನೋಡಿದ್ದೆ. ಮಣಿಕಟ್ಟಿನ ಹತ್ತಿರ ಎರಡೇ ತೂತು, ಊತ ಮೊಣಕೈ ಮುಟ್ಟುತ್ತಿತ್ತು.

"ನೀರೊಳ್ಳೆ ಅಲ್ಲ ಇದು, ಮಂಡಲ. ನಾನು ನರ್ಸು. ನಡೀರಿ ಆಸ್ಪತ್ರೆಗೆ, ಕಾರಿದೆ, ಈಗಲೇ ಹೊರಡೋಣ."

"ದೊಡ್ಡಯ್ಯ ಇಲ್ದೆ ಆಸ್ಪತ್ರೆಗೋಗಿ ಏನಮ್ಮ ಮಾಡಾದು? ದಾರ ಕಟ್ಟೋರು ಯಾರು?" ಎಂದಳು ತಾಯಿ. ದೊಡ್ಡ ಮಗನ ಕಡೆ ತಿರುಗಿ, "ಗುಡ್ಡದಾಚೆ ಇನ್ನೊಬ್ರವ್ರಂತೆ ಕಣ್ಲಾ, ಬುಡು ಗಾಡಿಯ" ಎಂದಳು.

ವಿಷದ ವಿಷಯ, ರಕ್ತದ ವಿಷಯ, ಎಲ್ಲ ಹೇಳಿದೆ. ಕೈಮುಗಿದೆ. ಗದರಿಸಿದೆ. ಊಟಕ್ಕೆ ಬಂದವರೂ ಒಬ್ಬೊಬ್ಬರಾಗಿ, ಗುಡ್ಡದಾಚೆಯವನ ಊರಿಗೆ ಯಾವ ದಾರಿ ಹತ್ತಿರ ಎಂದು ಹೇಳತೊಡಗಿದರು. ಅಣ್ಣ ಬೈಕಿನ ಕಿಕ್ ಹೊಡೆದ. ಆ ಹುಡುಗನ ವಸಡಿನಿಂದ ತುಟಿಗೆ ಒಂದು ಕೆಂಪು ಗೆರೆ ಇಳಿಯುತ್ತಿತ್ತು.

ಆಗ ನನ್ನ ಕೈಗೆ ಏನೋ ತಾಗಿತು. ತಿರುಗಿದರೆ ದೊಡ್ಡಮ್ಮ. ಒಳಗಿನಿಂದ ಎದ್ದು ಬಂದಿದ್ದರು. ಅವರ ಕೈಯಲ್ಲಿ ಗೋಡೆಯ ಗೂಡಿನಲ್ಲಿದ್ದ ಅರಿಶಿನದ ದಾರದ ಉಂಡೆ. "ಕಟ್ಟವ್ವ," ಎಂದರು, ಅಷ್ಟೇ.

ನಾನು ಓದಿದ್ದೆಲ್ಲ ಬೇಡ ಎಂದಿತು. ಬೈಕು ತಿರುಗುತ್ತಿತ್ತು. ನಾನು ಅದರ ಮುಂದೆ ಹೋಗಿ ನಿಂತು, ದೊಡ್ಡಪ್ಪನ ದನಿಯಲ್ಲಿ ಕೂಗಿದೆ.

"ಇಳುಸ್ರಿ ಅವನ್ನ! ನಾನು ಅವರ ತಮ್ಮನ ಮಗಳು. ಯೋಳ್ಕೊಟ್ಟೇ ಓಗವ್ರೆ."

ಎಡೆಯ ಮುಂದಿದ್ದ ಚೊಂಬನ್ನು ಎತ್ತಿಕೊಂಡೆ. ನೀರು ಚಿಮುಕಿಸಿದೆ. ಹುಳ ಮುಟ್ಟದ ಕೈಗೆ ಬಳೆಯಂತೆ ದಾರ ಕಟ್ಟುತ್ತಾ ತುಟಿ ಅಲ್ಲಾಡಿಸಿದೆ. ಕೆಂಚ, ಕರಿಯ, ಗೌರಿ. ಮುಂದಿನದು ನೆನಪಾಗಲಿಲ್ಲ, ವಾರ್ಡಿನ ಔಷಧಿಗಳ ಹೆಸರು ಹೇಳಿಕೊಂಡೆ. ಎದುರಿಗೆ ನಿಂತ ತಾಯಿಯ ಕೈ ತಾನಾಗಿ ಮುಗಿಯಿತು. "ಅರ್ಧ ಇಲ್ಲಾಯ್ತು, ಇನ್ನರ್ಧ ಆಸ್ಪತ್ರೆಲಿ" ಎಂದೆ. ಎಲ್ಲರೂ ಸೇರಿ ಅವನನ್ನು ಎತ್ತಿ ಕಾರಿನಲ್ಲಿ ಮಲಗಿಸಿದರು. ತಿಥಿಯ ಊಟ ಬಿಟ್ಟು ಹೋದೆ.

ಆ ಹುಡುಗ ಬದುಕಿದ. ದೊಡ್ಡಪ್ಪ ಮಾಡಿದ್ದು ಸರಿ ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆ ಜಗಲಿಯೇ ಇಲ್ಲದಿದ್ದರೆ ಆ ಬೈಕು ನೇರವಾಗಿ ಆಸ್ಪತ್ರೆಗೆ ಬರುತ್ತಿತ್ತು ಎಂದು ಒಮ್ಮೆ ಅನಿಸುತ್ತದೆ. ಗುಡ್ಡದಾಚೆ ಹೋಗುತ್ತಿತ್ತು ಎಂದು ಇನ್ನೊಮ್ಮೆ ಅನಿಸುತ್ತದೆ. ಜಗಳ ಮುಗಿಸದೆ ಹೋಗಿಬಿಟ್ಟರು, ಈಗ ನಾನೊಬ್ಬಳೇ ಎರಡೂ ಕಡೆಯಿಂದ ವಾದ ಮಾಡಬೇಕು.

ಮೂರನೆಯ ದಿನ ವಾರ್ಡಿಗೆ ಹೋದಾಗ ತಾಯಿ ಬಟ್ಟೆ ಗಂಟು ಕಟ್ಟಿಕೊಂಡು ಕೂತಿದ್ದಳು. ಮಗ ಎದ್ದು ಕೂತು ಇಡ್ಲಿ ತಿನ್ನುತ್ತಿದ್ದ. ಊತ ಇನ್ನೂ ಇಳಿದಿರಲಿಲ್ಲ, ರಕ್ತದ ಪರೀಕ್ಷೆ ಬಾಕಿ ಇತ್ತು.

"ದಾರ ಬಿಚ್ಬೋದಾ?" ಎಂದು ಕೇಳಿದಳು.

ಅದರಲ್ಲಿ ಏನೂ ಇಲ್ಲ, ಕಸದ ಬುಟ್ಟಿಗೆ ಹಾಕಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಗಂಟನ್ನು ನೋಡಿದೆ.

"ಡಾಕ್ಟ್ರು ಮನೆಗೋಗಿ ಅನ್ನೋವರ್ಗೂ ಬಿಚ್ಬೇಡಿ. ಮುಂಚೆ ಬಿಚ್ಚಿದ್ರೆ ನಾನು ಜವಾಬ್ದಾರ ಅಲ್ಲ."

ಅವಳು ಬೆಚ್ಚಿ ಗಂಟನ್ನು ಮಂಚದ ಕೆಳಗೆ ತಳ್ಳಿದಳು. ವಯಸ್ಸಿನಲ್ಲಿ ನನ್ನ ತಾಯಿಯಷ್ಟಿದ್ದವಳು, ಎದ್ದು ನಿಂತು ನನಗೆ ಕೈಮುಗಿದಳು.

"ಆಗ್ಲಿ ದೊಡ್ಡವ್ವಾ," ಎಂದಳು.